ಕಾಪುವಿನ ದೀಪದಿಂದ ಮೊಬೈಲಿನ ನೀಲಿ ಚುಕ್ಕೆಯವರೆಗೆ

ಗಲ್ಫ್‌ನಿಂದ ರಜೆಗೆ ಊರಿಗೆ ಬಂದವರ ಮೊಬೈಲ್ ಒಮ್ಮೆ ಗಮನಿಸಿ. ದುಬೈ ಸಿಮ್ ತೆಗೆಯದೆ ರೋಮಿಂಗ್‌ನಲ್ಲೇ ಇಂಟರ್ನೆಟ್ ಬಳಸುತ್ತಿದ್ದರೆ ಒಂದು ತಮಾಷೆ ಕಾಣಸಿಗುತ್ತದೆ. ಕೂತಿರುವುದು ಕಾಪುವಿನ ಮನೆಯ ಜಗಲಿಯಲ್ಲಿ. ವಿಡಿಯೋ ನೋಡಲು ಹೋದರೆ ಬರುವುದು ದುಬೈ ಅಂಗಡಿಯ ಜಾಹೀರಾತು. ಅದೇ ಮೊಬೈಲಿನಲ್ಲಿ ಮ್ಯಾಪ್ ತೆರೆದರೆ ನೀಲಿ ಚುಕ್ಕೆ ಸರಿಯಾಗಿ ಕಾಪುವಿನಲ್ಲೇ ನಿಂತಿರುತ್ತದೆ.

ಒಂದೇ ಮೊಬೈಲ್, ಒಂದೇ ಹೊತ್ತು, ಎರಡು ಊರು. ಯಾವುದು ಸುಳ್ಳು?

ಎರಡೂ ಸುಳ್ಳಲ್ಲ. 'ನಾನೆಲ್ಲಿದ್ದೇನೆ' ಎಂದು ಮೊಬೈಲ್ ಒಬ್ಬರನ್ನೇ ಕೇಳುವುದಿಲ್ಲ. ಅದಕ್ಕೆ ನಾಲ್ಕು ಸಾಕ್ಷಿಗಳಿವೆ: ಆಕಾಶದ ಉಪಗ್ರಹ, ಹತ್ತಿರದ ಟವರ್, ಅಕ್ಕಪಕ್ಕದ ವೈಫೈ ಮತ್ತು ಸಿಮ್ ಕಂಪನಿ. ಯಾವ ಆ್ಯಪ್ ಯಾವ ಸಾಕ್ಷಿಯ ಮಾತು ಕೇಳಿತೋ ಅದರಂತೆ ಊರು ಬದಲಾಗುತ್ತದೆ.

ಈ ನಾಲ್ಕು ಸಾಕ್ಷಿಗಳು ಎಲ್ಲಿಂದ ಬಂದವು, ಬೇರೆ ಬೇರೆ ದೇಶದಲ್ಲಿ ಇವುಗಳ ಬಳಕೆ ಹೇಗೆ ಬೇರೆಯಾಯಿತು ಎಂಬ ಚರಿತ್ರೆಯನ್ನು ನಾವು ಇಲ್ಲಿ ಹೇಳುತ್ತೇವೆ. ಹೇಳಲು ಕಾರಣವಿದೆ. ನಾನು ಎಲ್ಲಿದ್ದೇನೆ ಎಂದು ನನಗೆ ಗೊತ್ತಾಗುವುದು ಒಂದು. ನಾನು ಎಲ್ಲಿದ್ದೇನೆ ಎಂದು ನನ್ನನ್ನು ಕಾಪಾಡಬೇಕಾದವರಿಗೆ ಗೊತ್ತಾಗುವುದು ಇನ್ನೊಂದು. ಈ ಎರಡನ್ನು ಒಂದೇ ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಒಂದಲ್ಲ ಎಂಬುದನ್ನು 2018ರ ಡಿಸೆಂಬರ್‌ನಲ್ಲಿ ಮಲ್ಪೆ ನೋಡಿತು.

ಎರಡು ಗುರುತು ಇದ್ದರೆ ಸಾಕು

ಕಾಪುವಿನ ಬಂಡೆಯ ಮೇಲಿನ ದೀಪಸ್ತಂಭ 1901ರದ್ದು. ಸುಮಾರು 27 ಮೀಟರ್ ಎತ್ತರ. ಇಂದು ಸಂಜೆ ಹೊತ್ತು ಅಲ್ಲಿ ಸೆಲ್ಫಿ ತೆಗೆಯುವವರೇ ಹೆಚ್ಚು. ಆದರೆ ಅದು ಕಟ್ಟಿದ್ದು ನೋಡುವುದಕ್ಕಲ್ಲ, ನೋಡಿ ಜಾಗ ತಿಳಿಯುವುದಕ್ಕೆ.

ದೀಪಸ್ತಂಭ ಇಲ್ಲದ ಕಾಲದಲ್ಲೂ ಕಡಲಿಗೆ ಹೋಗುವವರಿಗೆ ಗುರುತುಗಳಿದ್ದವು. ನೀರಿನ ಆಳ ಎಷ್ಟು ಮಾರು, ತಳದಲ್ಲಿ ಮರಳೋ ಕೆಸರೋ, ರಾತ್ರಿ ಯಾವ ನಕ್ಷತ್ರ ಎಲ್ಲಿ, ಹಗಲಲ್ಲಿ ಯಾವ ಬೆಟ್ಟ ಯಾವ ದಿಕ್ಕಿಗೆ – ಇದೇ ಅವರ ಮ್ಯಾಪ್. ಕಾರ್ಕಳದ ಆಚೆ ಘಟ್ಟದ ಮೇಲೆ ನಿಂತಿರುವ ಕುದುರೆಮುಖ ಶಿಖರ 1,894 ಮೀಟರ್ ಎತ್ತರ. ಕುದುರೆಯ ಮುಖದ ಹಾಗೆ ಕಾಣುವ ಈ ಶಿಖರ ಹಿಂದಿನಿಂದಲೂ ನಾವಿಕರಿಗೆ ದಿಕ್ಕು ಹೇಳುವ ಗುರುತಾಗಿತ್ತು. ಕಾರ್ಕಳದ ಮಂದಿಗೆ ಅದು ಮಳೆಯ ಬೆಟ್ಟ, ಕಡಲಿನವರಿಗೆ ಅದು ಸೈನ್‌ಬೋರ್ಡ್. ಅರಬರು ಮತ್ತು ಗುಜರಾತಿನ ನಾವಿಕರು 'ಕಮಾಲ್' ಎಂಬ ಸಾಧನ ಬಳಸುತ್ತಿದ್ದರು. ಒಂದು ಚಿಕ್ಕ ಹಲಗೆ, ಅದಕ್ಕೆ ಗಂಟು ಹಾಕಿದ ದಾರ, ಅಷ್ಟೇ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹಲಗೆಯ ಅಂಚಿನಲ್ಲಿ ಧ್ರುವ ನಕ್ಷತ್ರವನ್ನು ನೋಡಿ, ಉತ್ತರಕ್ಕೆ ಎಷ್ಟು ಬಂದಿದ್ದೇವೆ ಎಂದು ಲೆಕ್ಕ ಹಾಕುತ್ತಿದ್ದರು.

ಎಲ್ಲದರ ಹಿಂದಿನ ಲೆಕ್ಕ ಒಂದೇ. ಒಂದು ಗುರುತು ಕಂಡರೆ 'ಆ ಗೆರೆಯ ಮೇಲೆ ಎಲ್ಲೋ ಇದ್ದೇನೆ' ಎಂದು ತಿಳಿಯುತ್ತದೆ. ಇನ್ನೊಂದು ಕಂಡರೆ ಎರಡು ಗೆರೆ ಕೂಡುವ ಜಾಗವೇ ನಮ್ಮ ಜಾಗ. ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ನೆಲ ಅಳೆಯಲು ಶುರು ಮಾಡಿದ್ದೂ ಇಂಥದ್ದೇ ಲೆಕ್ಕದಿಂದ. ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹಾಕುತ್ತಾ ಅವನ ತಂಡ ಮಂಗಳೂರು ಕಡೆಯ ಕರಾವಳಿಗೆ ಮುಟ್ಟಿತು. ಆಗ ಗೊತ್ತಾಯಿತು, ಮದ್ರಾಸಿಗೂ ಮಂಗಳೂರಿಗೂ ಇರುವ ಅಂತರ ಅಲ್ಲಿಯವರೆಗಿನ ನಕ್ಷೆಗಳು ಹೇಳಿದಂತೆ 400 ಮೈಲಿ ಅಲ್ಲ, 360 ಮೈಲಿ. ನಕ್ಷೆಯಲ್ಲಿ 40 ಮೈಲಿ ಇಲ್ಲದ ನೆಲ ಇತ್ತು!

ದೀಪಸ್ತಂಭದ ಇನ್ನೊಂದು ಗುಣ ನೆನಪಿಡಿ, ಮುಂದೆ ಬೇಕಾಗುತ್ತದೆ. ಪ್ರತಿ ದೀಪಸ್ತಂಭ ಮಿನುಗುವ ಲಯ ಬೇರೆ ಬೇರೆ. ಎಷ್ಟು ಸಲ ಮಿನುಗಿತು, ಎಷ್ಟು ಸೆಕೆಂಡಿಗೊಮ್ಮೆ ಎಂದು ಎಣಿಸಿದರೆ ಇದು ಕಾಪುವೋ ಬೇರೆ ಊರೋ ಎಂದು ಗೊತ್ತಾಗಬೇಕು. ಅಂದರೆ ದೀಪಕ್ಕೂ ಒಂದು ಹೆಸರು.

ಆದರೆ ದೀಪ ಹೇಳುತ್ತದೆ, ಕೇಳುವುದಿಲ್ಲ. ದೋಣಿಯವನಿಗೆ ಕಾಪು ಎಲ್ಲಿದೆ ಎಂದು ತಿಳಿಯಿತು. ದೋಣಿ ಎಲ್ಲಿದೆ ಎಂದು ಕಾಪುವಿಗೆ ತಿಳಿಯಲಿಲ್ಲ.

ಆಕಾಶಕ್ಕೇರಿದ ದೀಪಗಳು

ಮಳೆಗಾಲದಲ್ಲಿ ಮಿಂಚಿದ ಮೇಲೆ ಗುಡುಗು ಬರುವವರೆಗೆ ಎಣಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಮೂರು ಎಣಿಸುವಷ್ಟರಲ್ಲಿ ಗುಡುಗು ಬಂದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. ಹೊತ್ತು ಅಳೆದು ದೂರ ತಿಳಿಯುವ ಈ ಉಪಾಯವೇ ಜಿಪಿಎಸ್.

ಅಮೆರಿಕ ತನ್ನ ಸೈನ್ಯಕ್ಕಾಗಿ ಮೊದಲ ಜಿಪಿಎಸ್ ಉಪಗ್ರಹ ಹಾರಿಸಿದ್ದು 1978ರಲ್ಲಿ. ಇವು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ 'ನಾನು ಇಂಥವನು, ಇಂಥ ಜಾಗದಲ್ಲಿದ್ದೇನೆ, ಈಗ ಇಷ್ಟು ಗಂಟೆ' ಎಂದು ಸದಾ ಕೂಗುತ್ತಿರುತ್ತದೆ. ಆ ಕೂಗು ಬರಲು ಹಿಡಿದ ಹೊತ್ತಿನಿಂದ ಮೊಬೈಲ್ ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ಕೂಗು ಕೇಳಿದರೆ ಜಾಗ ಸಿಕ್ಕಿತು. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗಾಗಿ ಗಡಿಯಾರ ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ಲೆಕ್ಕದಲ್ಲಿ 300 ಮೀಟರ್ ತಪ್ಪುತ್ತದೆ. ಮಣಿಪಾಲದಲ್ಲಿ ಒಂದು ಕಟ್ಟಡದ ಬದಲು ಇನ್ನೊಂದು ಕಟ್ಟಡ!

1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸ್‌ನ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಒಕ್ಕೂಟದ ಆಕಾಶಕ್ಕೆ ಹೋಯಿತು. ಅದನ್ನು ಹೊಡೆದುರುಳಿಸಲಾಯಿತು. ಅದರಲ್ಲಿದ್ದ 269 ಮಂದಿಯೂ ಸತ್ತರು. ಇದಾದ ಮೇಲೆ ಜಿಪಿಎಸ್ಸನ್ನು ಜನಸಾಮಾನ್ಯರಿಗೂ ಬಿಟ್ಟುಕೊಡುವುದಾಗಿ ಅಮೆರಿಕದ ಅಧ್ಯಕ್ಷ ರೇಗನ್ ಸರ್ಕಾರ ಹೇಳಿತು. ಆದರೆ ಬೇಕೆಂದೇ ಸ್ವಲ್ಪ ತಪ್ಪು ಬೆರೆಸಿದ ಸಿಗ್ನಲ್ಲನ್ನು ಹೊರಗಿನವರಿಗೆ ಕೊಡುತ್ತಿದ್ದರು. ನೂರು ಮೀಟರ್‌ವರೆಗೆ ತಪ್ಪು ತೋರಿಸುತ್ತಿದ್ದ ಆ ಬೆರಕೆಯನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದರು. ಬೋಟಿನಲ್ಲಿ, ಕಾರಿನಲ್ಲಿ, ಕಿಸೆಯಲ್ಲಿ ಜಿಪಿಎಸ್ ಸಲೀಸಾಗಿ ಬಂದದ್ದು ಅದಾದ ಮೇಲೆ.

ನಮ್ಮ ದೇಶವೂ ತನ್ನದೇ ವ್ಯವಸ್ಥೆ ಮಾಡಿಕೊಂಡಿತು. ಈಗ ನಾವಿಕ್ ಎಂದು ಕರೆಯುವ ಸರಣಿಯ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಇಸ್ರೋದ ನ್ಯಾವಿಗೇಶನ್ ಕೇಂದ್ರ ಬೆಂಗಳೂರು ಪಕ್ಕದ ಬ್ಯಾಲಾಳುವಿನಲ್ಲಿದೆ. ಉಪಗ್ರಹ ನಿಯಂತ್ರಿಸುವ ದೊಡ್ಡ ಕೇಂದ್ರ ಹಾಸನದಲ್ಲಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. 'ಜಿಪಿಎಸ್ ಆನ್ ಇದ್ದರೆ ಉಪಗ್ರಹ ನಮ್ಮನ್ನು ನೋಡುತ್ತಿರುತ್ತದೆ' ಎಂದು ಹಲವರು ಹೇಳುವುದನ್ನು ನಾವು ಕೇಳಿದ್ದೇವೆ. ಹಾಗಿಲ್ಲ. ಮೊಬೈಲಿನ ಜಿಪಿಎಸ್ ಬರೀ ಕಿವಿ, ಬಾಯಿ ಅಲ್ಲ. ಉಪಗ್ರಹಕ್ಕೆ ನೀವಿದ್ದೀರಿ ಎಂದೇ ಗೊತ್ತಿಲ್ಲ. ಸಿಮ್ ಇಲ್ಲದಿದ್ದರೂ, ರೇಂಜ್ ಇಲ್ಲದಿದ್ದರೂ, ಕರೆನ್ಸಿ ಮುಗಿದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಅದು ಕಾಪುವಿನ ದೀಪದ ಜಾತಿಯದ್ದೇ. ಹೇಳುತ್ತದೆ, ಕೇಳುವುದಿಲ್ಲ. ಸಿಕ್ಕಿದ ಜಾಗವನ್ನು ಇನ್ನೊಬ್ಬರಿಗೆ ಮುಟ್ಟಿಸಲು ಬೇರೆ ದಾರಿ ಬೇಕು.

ಟವರ್ ಹೇಳುವ ಸಾಕ್ಷಿ

ಭಾರತದ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕಲ್ಕತ್ತಾದಿಂದ ದಿಲ್ಲಿಗೆ. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೇಂದ್ರ ಸಚಿವ ಸುಖ್‌ರಾಮ್ ಜೊತೆ ಮಾತಾಡಿದರು. ಮೊಬೈಲ್ ಬಂದ ದಿನದಿಂದಲೇ ಕಂಪನಿಗೆ ನಮ್ಮ ಜಾಗ ಬೇಕಿತ್ತು. ಯಾಕೆಂದರೆ ನಿಮಗೆ ಕರೆ ಬಂದಾಗ ಯಾವ ಟವರಿನಿಂದ ಕೂಗಿ ಕರೆಯಬೇಕು ಎಂದು ಅದಕ್ಕೆ ಗೊತ್ತಿರಬೇಕು. ಹಾಗಾಗಿ ಮೊಬೈಲ್ ಚಾಲೂ ಇರುವವರೆಗೆ ಆಗಾಗ ಟವರಿಗೆ 'ನಾನಿಲ್ಲಿದ್ದೇನೆ' ಎನ್ನುತ್ತಲೇ ಇರುತ್ತದೆ. ಲೊಕೇಶನ್ ಬಟನ್ ಆಫ್ ಮಾಡಿದರೂ ಈ ಮಾತು ನಿಲ್ಲುವುದಿಲ್ಲ.

ದೀಪಸ್ತಂಭಕ್ಕೆ ತನ್ನದೇ ಲಯ ಇದ್ದಂತೆ ಪ್ರತಿ ಟವರಿಗೂ, ಟವರಿನ ಪ್ರತಿ ಮುಖಕ್ಕೂ ಒಂದೊಂದು ನಂಬರ್ ಇದೆ. ಅದರ ಮೊದಲಿಗೆ ದೇಶದ ನಂಬರ್. ಭಾರತಕ್ಕೆ 404 ಮತ್ತು 405. ಯುಎಇಗೆ 424, ಸೌದಿಗೆ 420, ಕುವೈತ್‌ಗೆ 419, ಒಮಾನ್‌ಗೆ 422, ಬಹರೇನ್‌ಗೆ 426, ಕತಾರ್‌ಗೆ 427. ವಿಮಾನ ಇಳಿದು ಮೊಬೈಲ್ ಆನ್ ಮಾಡಿದ ಕೂಡಲೇ ಅದು ಈ ನಂಬರ್ ಓದುತ್ತದೆ. ಗಡಿಯಾರ ತಾನಾಗಿ ಹಿಂದೆ ಹೋಗುವುದು ಅಲ್ಲಿಯ ನೆಟ್‌ವರ್ಕ್ ಹಿಡಿದ ಮೇಲೆಯೇ.

ಟವರಿನ ನಂಬರಿನಿಂದ ಜಾಗ ಎಷ್ಟು ಸರಿಯಾಗಿ ಗೊತ್ತಾಗುತ್ತದೆ? ಅದು ಟವರ್ ಎಷ್ಟು ಒತ್ತೊತ್ತಾಗಿವೆ ಎಂಬುದರ ಮೇಲೆ ಹೋಗುತ್ತದೆ. ಪೇಟೆಯಲ್ಲಿ ಒಂದು ಟವರ್ ಕೆಲವು ನೂರು ಮೀಟರ್ ನೋಡಿಕೊಂಡರೆ, ಕಾರ್ಕಳದ ಘಟ್ಟದ ಬುಡದ ಊರುಗಳಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ನೋಡಿಕೊಳ್ಳಬೇಕು. ನೀಲಿ ಚುಕ್ಕೆಯ ಸುತ್ತ ತಿಳಿ ನೀಲಿ ವೃತ್ತ ಕಾಣುತ್ತದಲ್ಲ, ಅದರ ಅರ್ಥ 'ಇದರೊಳಗೆ ಎಲ್ಲೋ ಇದ್ದೀರಿ' ಎಂದು. ವೃತ್ತ ದೊಡ್ಡದಿದ್ದರೆ ಸಾಕ್ಷಿ ಹೇಳುತ್ತಿರುವುದು ಟವರ್. ಚಿಕ್ಕದಿದ್ದರೆ ಉಪಗ್ರಹ ಅಥವಾ ವೈಫೈ ಎಂದು ಹೆಚ್ಚಾಗಿ ತಿಳಿಯಬಹುದು.

ಟವರೂ ಗುಡುಗಿನ ಲೆಕ್ಕ ಮಾಡುತ್ತದೆ. ಜಿಎಸ್‌ಎಂ ಎಂಬ ಹಳೆಯ 2ಜಿ ಪದ್ಧತಿಯಲ್ಲಿ ಮೊಬೈಲ್ ಎಷ್ಟು ದೂರ ಎಂಬುದನ್ನು ಸುಮಾರು 550 ಮೀಟರಿನ ಮೆಟ್ಟಿಲುಗಳಲ್ಲಿ ಎಣಿಸುತ್ತಾರೆ. ಸೊನ್ನೆಯಿಂದ 63ರವರೆಗೆ ಎಣಿಕೆ. ಗುಣಿಸಿ ನೋಡಿ, ಸುಮಾರು 35 ಕಿಲೋಮೀಟರ್. ಅದರಾಚೆ ಸಿಗ್ನಲ್ ಬಂದರೂ ಸಾಮಾನ್ಯ ಟವರ್ ಮಾತಾಡಲು ಒಪ್ಪುವುದಿಲ್ಲ. 4ಜಿಯಲ್ಲಿ ಈ ಮೆಟ್ಟಿಲು ಸುಮಾರು 78 ಮೀಟರಿಗೆ ಇಳಿದಿದೆ.

ಮೂರನೇ ಸಾಕ್ಷಿ ವೈಫೈ. 2007ರಲ್ಲಿ ಬಂದ ಮೊದಲ ಐಫೋನ್‌ನಲ್ಲಿ ಜಿಪಿಎಸ್ ಇರಲೇ ಇಲ್ಲ. ಮುಂದಿನ ವರ್ಷ ಅದರಲ್ಲಿ ಲೊಕೇಶನ್ ಬಂದಾಗ, ಟವರ್ ಮತ್ತು ವೈಫೈ ನೋಡಿಯೇ ಜಾಗ ಊಹಿಸುತ್ತಿತ್ತು. ಯಾವ ವೈಫೈ ಪೆಟ್ಟಿಗೆ ಎಲ್ಲಿದೆ ಎಂಬ ಪಟ್ಟಿಯನ್ನು ಕಂಪನಿಗಳು ಮೊದಲು ವಾಹನ ಓಡಿಸಿ ಮಾಡಿದವು. ಈಗ ನಮ್ಮ ನಿಮ್ಮ ಮೊಬೈಲುಗಳೇ ಓಡಾಡುತ್ತಾ ಆ ಪಟ್ಟಿ ತುಂಬಿಸುತ್ತವೆ. ಹಾಸ್ಟೆಲ್, ಆಸ್ಪತ್ರೆ, ಕಾಲೇಜು, ಹೋಟೆಲ್ ತುಂಬಿದ ಮಣಿಪಾಲದಲ್ಲಿ ಕಟ್ಟಡದೊಳಗೂ ಚುಕ್ಕೆ ಸರಿಯಾಗಿ ನಿಲ್ಲುವುದಕ್ಕೆ ಇದೇ ಕಾರಣ. ವೈಫೈ ಇಲ್ಲದ, ಟವರ್ ದೂರದ ಕಾಡಿನಂಚಿನ ಮನೆಯಲ್ಲಿ ಮೊಬೈಲಿಗೆ ಉಪಗ್ರಹ ಒಂದೇ ಗತಿ. ಅಂಗಳಕ್ಕೆ ಬಂದರೆ ಮಾತ್ರ ಅದೂ ಚೆನ್ನಾಗಿ ಸಿಗುತ್ತದೆ.

ಅಮೆರಿಕ ಒಂದು ದಾರಿ, ಯುರೋಪ್ ಒಂದು ದಾರಿ

ಹಿಂದೆ ತಂತಿ ಫೋನಿನಿಂದ ಪೊಲೀಸರಿಗೆ ಕರೆ ಹೋದರೆ ಮನೆಯ ವಿಳಾಸ ರಿಜಿಸ್ಟರಿನಲ್ಲೇ ಇರುತ್ತಿತ್ತು. ಮೊಬೈಲ್ ಬಂದ ಮೇಲೆ ಕರೆ ಮಾಡಿದವರು ಎಲ್ಲಿದ್ದಾರೆ ಎಂಬುದೇ ಗೊತ್ತಾಗದಾಯಿತು. ಅಮೆರಿಕದ 911 ಸಹಾಯವಾಣಿಗೆ ಇದು ದೊಡ್ಡ ತಲೆನೋವಾಯಿತು. 1996ರಲ್ಲಿ ಅಲ್ಲಿಯ ಸಂಪರ್ಕ ಆಯೋಗ ಒಂದು ಆದೇಶ ಮಾಡಿತು: ಮೊಬೈಲಿನಿಂದ 911ಕ್ಕೆ ಕರೆ ಬಂದರೆ ಕರೆ ಮಾಡಿದವರ ಜಾಗವನ್ನು ಕಂಪನಿಯೇ ಹೇಳಬೇಕು.

ಕಂಪನಿಗಳು ಎರಡು ದಾರಿ ಹಿಡಿದವು. ವೆರೈಜನ್, ಸ್ಪ್ರಿಂಟ್ ಬಳಸುತ್ತಿದ್ದುದು ಸಿಡಿಎಂಎ ಪದ್ಧತಿ. ನಮ್ಮಲ್ಲಿ ರಿಲಯನ್ಸ್ 2002ರ ಕೊನೆಗೆ ತಂದ ಫೋನುಗಳೂ ಅದೇ ಪದ್ಧತಿಯವು. ಸಿಡಿಎಂಎ ಟವರುಗಳಿಗೆ ತಮ್ಮ ಕೆಲಸಕ್ಕೇ ಜಿಪಿಎಸ್ ಗಡಿಯಾರ ಬೇಕಿತ್ತು. ಹಾಗಾಗಿ ಫೋನಿಗೂ ಜಿಪಿಎಸ್ ಸೇರಿಸಿ ಅದರಿಂದಲೇ ಜಾಗ ಕೇಳುವುದು ಅವರಿಗೆ ಸುಲಭವಾಯಿತು. ಎಟಿ ಆ್ಯಂಡ್ ಟಿ, ಟಿ-ಮೊಬೈಲ್ ಕಂಪನಿಗಳದ್ದು ಜಿಎಸ್‌ಎಂ. ಅವರು ಫೋನ್ ಮುಟ್ಟಲಿಲ್ಲ, ಟವರುಗಳಿಗೇ ಸಾಧನ ಕೂಡಿಸಿದರು. ಒಬ್ಬ ಕೂಗಿದರೆ ಮೂರು ಟವರಿಗೆ ಆ ಕೂಗು ಸ್ವಲ್ಪ ಹಿಂದೆಮುಂದೆ ಕೇಳುತ್ತದೆ. ಆ ವ್ಯತ್ಯಾಸದಿಂದ ಜಾಗ ಹುಡುಕುವುದು ಅವರ ದಾರಿ. ಒಂದೇ ದೇಶ, ಒಂದೇ 911, ಆದರೆ ನಿಮ್ಮ ಸಿಮ್ ಯಾವ ಕಂಪನಿಯದ್ದು ಎಂಬುದರ ಮೇಲೆ ನಿಮ್ಮನ್ನು ಹುಡುಕುವ ರೀತಿಯೇ ಬೇರೆ.

ಜಪಾನ್ ಫೋನಿನ ಮೇಲೆ ನಂಬಿಕೆ ಇಟ್ಟಿತು. 2007ರಿಂದ ಅಲ್ಲಿಯ ಹೊಸ 3ಜಿ ಫೋನುಗಳಿಗೆ ಜಿಪಿಎಸ್ ಇರಬೇಕು ಎಂದಾಯಿತು. ಯುರೋಪಿನ ಬಹುತೇಕ ದೇಶಗಳು ಬಹಳ ವರ್ಷ ಟವರಿನ ನಂಬರಿನಲ್ಲೇ ಕಾಲ ಕಳೆದವು. 2014ರಲ್ಲಿ ಬ್ರಿಟನ್ ಒಂದು ಸರಳ ಉಪಾಯ ಶುರು ಮಾಡಿತು. ತುರ್ತು ನಂಬರಿಗೆ ಕರೆ ಮಾಡಿದ ಕೂಡಲೇ ಮೊಬೈಲ್ ತಾನಾಗಿ ಲೊಕೇಶನ್ ಆನ್ ಮಾಡಿಕೊಂಡು, ಸಿಕ್ಕಿದ ಜಾಗವನ್ನು ಒಂದು ಎಸ್ಸೆಮ್ಮೆಸ್ಸಿನಲ್ಲಿ ಸಹಾಯವಾಣಿಗೆ ಕಳಿಸಿ, ಮತ್ತೆ ಆಫ್ ಮಾಡಿಕೊಳ್ಳುತ್ತದೆ. ಗಾಯಾಳು ಏನೂ ಒತ್ತಬೇಕಿಲ್ಲ. 2022ರ ಮಾರ್ಚ್‌ನಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುವ ಹೊಸ ಸ್ಮಾರ್ಟ್‌ಫೋನುಗಳಿಗೆಲ್ಲ ಇದು ಕಡ್ಡಾಯ.

ಇಲ್ಲೂ ಒಂದು ತೊಡಕು ಕಾಣಿಸಿಕೊಂಡಿತು. ರೋಮಿಂಗ್‌ನಲ್ಲಿರುವ ಸಿಮ್ಮಿನ ಎಸ್ಸೆಮ್ಮೆಸ್ ತವರು ಕಂಪನಿಗೆ ಹೋಗಿಯೇ ಮುಂದೆ ಹೋಗುತ್ತದೆ. ಅಲ್ಲಿಯ ಸಹಾಯವಾಣಿಯ ಚಿಕ್ಕ ನಂಬರ್ ತವರು ಕಂಪನಿಗೆ ಗೊತ್ತಿರುವುದಿಲ್ಲ. ಮೊಬೈಲ್ ಜಾಗ ಹೇಳಿತು, ಆದರೆ ಪಕ್ಕದಲ್ಲೇ ಇದ್ದವರಿಗೆ ಅದು ಕೇಳಿಸಲಿಲ್ಲ. ಇದನ್ನು ಸರಿಪಡಿಸಲು ಬೇರೆ ದಾರಿಗಳನ್ನು ಹುಡುಕಬೇಕಾಯಿತು.

ತವರು ಸಿಮ್, ಪರದೇಶದ ಟವರ್

ಈಗ ಮೊದಲ ತಮಾಷೆಗೆ ಬರೋಣ. ರೋಮಿಂಗ್‌ನಲ್ಲಿರುವ ಸಿಮ್ ಮದುವೆಯಾಗಿ ಹೋದ ಮಗಳ ಹಾಗೆ. ಇರುವುದು ಒಂದು ಮನೆ, ಹೆಸರು ಬರೆದಿರುವುದು ಇನ್ನೊಂದು ಮನೆ. ದುಬೈ ಸಿಮ್ ಕಾಪುವಿನ ಟವರಿನಲ್ಲಿ ಕೂತಿದ್ದರೂ ಅದರ ಇಂಟರ್ನೆಟ್ ಸಾಮಾನ್ಯವಾಗಿ ತವರಾದ ದುಬೈ ಕಂಪನಿಯ ಬಾಗಿಲಿನಿಂದಲೇ ಹೊರಗೆ ಹೋಗುತ್ತದೆ. ವೆಬ್‌ಸೈಟಿಗೆ ಕಾಣುವುದು ಆ ಬಾಗಿಲು ಮಾತ್ರ. ಹಾಗಾಗಿ ದುಬೈ ಜಾಹೀರಾತು. ಮ್ಯಾಪ್ ಕೇಳುವುದು ಉಪಗ್ರಹವನ್ನು, ಟವರನ್ನು. ಹಾಗಾಗಿ ಕಾಪು.

ತವರು ಕಂಪನಿಯ ರಿಜಿಸ್ಟರಿನಲ್ಲಿ 'ಈ ಸಿಮ್ ಈಗ ಇಂಥ ದೇಶದ ಇಂಥ ನೆಟ್‌ವರ್ಕಿನಲ್ಲಿದೆ' ಎಂದು ಬರೆದಿರುತ್ತದೆ. ಯಾವ ಟವರ್, ಯಾವ ಬೀದಿ ಎಂಬುದು ಗೊತ್ತಿರುವುದು ಆ ದೇಶದ ಕಂಪನಿಗೆ. ಗಲ್ಫ್‌ನಲ್ಲಿರುವ ಮಗ ಎರಡು ದಿನದಿಂದ ಕರೆ ಎತ್ತುತ್ತಿಲ್ಲ ಎಂದು ಇಲ್ಲಿಯ ಠಾಣೆಗೆ ಹೋದರೆ, ಇಲ್ಲಿಯ ಟವರಿನಲ್ಲಿ ಆ ಉತ್ತರ ಸಿಗುವುದಿಲ್ಲ. ಅಲ್ಲಿಯ ಪೊಲೀಸರು ಅಲ್ಲಿಯ ಕಂಪನಿಯನ್ನು ಕೇಳಬೇಕು. ಅದಕ್ಕೆ ನಮ್ಮ ರಾಯಭಾರ ಕಚೇರಿ, ಅಲ್ಲಿಯ ಗೆಳೆಯರು, ಕೆಲಸದ ಕಂಪನಿ ಇವರ ಮೂಲಕವೇ ದಾರಿ. ಹಾಗಾಗಿ ಅವರು ಇರುವ ಕಟ್ಟಡದ ಹೆಸರು, ರಸ್ತೆ, ಒಬ್ಬ ಗೆಳೆಯನ ನಂಬರ್ ಮನೆಯಲ್ಲಿ ಬರೆದಿಟ್ಟಿರಬೇಕು.

ಹೊಸದಾಗಿ ಇಳಿದವರಿಗೆ ಇನ್ನೊಂದು ಅನುಭವ ಆಗುತ್ತದೆ. ಡೇಟಾ ಇಲ್ಲದೆ ಮ್ಯಾಪ್ ತೆರೆದರೆ ಚುಕ್ಕೆ ಎಷ್ಟೋ ಹೊತ್ತು ಮಂಗಳೂರು ವಿಮಾನ ನಿಲ್ದಾಣದಲ್ಲೇ ನಿಂತಿರುತ್ತದೆ. ಯಾವ ಉಪಗ್ರಹ ಎಲ್ಲಿದೆ ಎಂಬ ಪಂಚಾಂಗ ಮೊಬೈಲಿಗೆ ಬೇಕು. ಜಿಪಿಎಸ್ ಉಪಗ್ರಹ ಅದನ್ನು ತುಂಬ ನಿಧಾನವಾಗಿ ಕೊಡುತ್ತದೆ, ಸೆಕೆಂಡಿಗೆ 50 ಬಿಟ್ ಮಾತ್ರ. ಪೂರ್ತಿ ಪಂಚಾಂಗ ಬರಲು ಹನ್ನೆರಡೂವರೆ ನಿಮಿಷ ಬೇಕು. ಇಂಟರ್ನೆಟ್ ಇದ್ದರೆ ಅದೇ ಮಾಹಿತಿ ಕ್ಷಣದಲ್ಲಿ ಸಿಗುತ್ತದೆ. ಹಾಗಾಗಿ ಮೊಬೈಲ್ ಕೆಟ್ಟಿದೆ ಎಂದು ಗಾಬರಿ ಬೇಡ. ಬಯಲಿಗೆ ಬಂದು, ಆಕಾಶ ಕಾಣುವಂತೆ ಹಿಡಿದು, ಸ್ವಲ್ಪ ಕಾಯಿರಿ.

ಸುವರ್ಣ ತ್ರಿಭುಜ

2018ರ ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ 'ಸುವರ್ಣ ತ್ರಿಭುಜ' ಎಂಬ ಬೋಟ್ ಆಳಸಮುದ್ರ ಮೀನುಗಾರಿಕೆಗೆ ಹೊರಟಿತು. ಅದರಲ್ಲಿ ಉಡುಪಿ ಮತ್ತು ಉತ್ತರ ಕನ್ನಡದ 7 ಮಂದಿ ಮೀನುಗಾರರಿದ್ದರು. ಡಿಸೆಂಬರ್ 15ರ ರಾತ್ರಿ ಮಹಾರಾಷ್ಟ್ರದ ಸಿಂಧುದುರ್ಗ ಕರಾವಳಿಯ ಕಡೆ ಇದ್ದಾಗ ಸಂಪರ್ಕ ಕಡಿದುಹೋಯಿತು. ಆಮೇಲೆ ಯಾವ ಸುದ್ದಿಯೂ ಇಲ್ಲ.

ಆಳಸಮುದ್ರಕ್ಕೆ ಹೋಗುವ ಮಲ್ಪೆಯ ಬೋಟುಗಳಲ್ಲಿ ಜಿಪಿಎಸ್ ಇರುತ್ತದೆ, ವೈರ್‌ಲೆಸ್ ಇರುತ್ತದೆ, ಪ್ರತಿಯೊಬ್ಬರ ಕಿಸೆಯಲ್ಲಿ ಮೊಬೈಲೂ ಇರುತ್ತದೆ. ಜಿಪಿಎಸ್ ತಾಂಡೇಲನಿಗೆ ತಾನೆಲ್ಲಿದ್ದೇನೆ ಎಂದು ಹೇಳುತ್ತದೆ. ದಡಕ್ಕೆ ಹೇಳುವುದಿಲ್ಲ. ಮೊಬೈಲ್ ದಡಕ್ಕೆ ಹೇಳಬಲ್ಲದು, ಟವರ್ ಕೇಳುವ ದೂರದಲ್ಲಿದ್ದರೆ ಮಾತ್ರ. ನೌಕಾಪಡೆ, ಕೋಸ್ಟ್ ಗಾರ್ಡ್ ಹುಡುಕಿದವು. 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು ಬೀದಿಗಿಳಿದು ಹೆದ್ದಾರಿ ತಡೆದರು. ಅವರ ಪ್ರಶ್ನೆ ಒಂದೇ: ನಮ್ಮವರು ಎಲ್ಲಿ?

ಉತ್ತರ ಸಿಕ್ಕಿದ್ದು 2019ರ ಮೇ ತಿಂಗಳ ಮೊದಲಿಗೆ. ಮಾಲ್ವಣ್ ಕರಾವಳಿಯಿಂದ ಸುಮಾರು 33 ಕಿಲೋಮೀಟರ್ ಆಚೆ, ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷವನ್ನು ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಪತ್ತೆ ಮಾಡಿತು. ನಾಲ್ಕೂವರೆ ತಿಂಗಳು ಏಳು ಮನೆಗಳು ಬಾಗಿಲು ನೋಡುತ್ತಾ ಕೂತಿದ್ದವು. 33 ಕಿಲೋಮೀಟರ್ ಎಂದರೆ ಉಡುಪಿಯಿಂದ ಕಾರ್ಕಳಕ್ಕೆ ಹೋದಷ್ಟು ದೂರವೂ ಇಲ್ಲ. ಆದರೆ ಟವರಿನ ಲೆಕ್ಕದಲ್ಲಿ ಅದು ಲೋಕದ ಅಂಚು.

ಇದರ ಪಕ್ಕದಲ್ಲಿ ಇನ್ನೊಂದು ಘಟನೆ ಇಟ್ಟು ನೋಡಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ 'ಕೋರಮಂಡಲ್ ಸಪೋರ್ಟರ್ 9' ಎಂಬ ಟಗ್ ನಮ್ಮ ಕಾಪು–ಮೂಲ್ಕಿ ಕಡಲಿನಲ್ಲಿ ಬಂಡೆಗೆ ಸಿಕ್ಕಿಹಾಕಿಕೊಂಡಿತು. ಒಳಗೆ 9 ಮಂದಿ. ಅಲೆ ಎಷ್ಟು ಎತ್ತರ ಎದ್ದರೂ ಅವರು ಎಲ್ಲಿದ್ದಾರೆ ಎಂಬುದು ದಡದವರಿಗೆ ಗೊತ್ತಿತ್ತು. ಮೇ 17ರಂದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಸೇರಿ 9 ಮಂದಿಯನ್ನೂ ಜೀವಂತ ತಂದವು. ಅದೇ ಗಾಳಿಯಲ್ಲಿ 'ಅಲಯನ್ಸ್' ಎಂಬ ಇನ್ನೊಂದು ಟಗ್ ಮಗುಚಿ ಪ್ರಾಣಹಾನಿಯಾಯಿತು. ಜಾಗ ಗೊತ್ತಿದ್ದ ಮಾತ್ರಕ್ಕೆ ಎಲ್ಲರೂ ಉಳಿಯುತ್ತಾರೆ ಎಂದು ನಾವು ಹೇಳುವುದಿಲ್ಲ. ಆದರೆ ಜಾಗ ಗೊತ್ತಿಲ್ಲದಿದ್ದರೆ ಹೆಲಿಕಾಪ್ಟರ್ ಇದ್ದೂ ಪ್ರಯೋಜನವಿಲ್ಲ.

ಹೇಳಿದ್ದು ಕೇಳಿತು ಎಂಬ ಮಾತು

ಕಡಲಿನವರಿಗೆ ಸರ್ಕಾರ ಕೊಟ್ಟ ಸಾಧನಗಳ ಚರಿತ್ರೆಯಲ್ಲೂ ಇದೇ ಒಂದು ಬದಿಯ ಮಾತು ಕಾಣುತ್ತದೆ. ಇಸ್ರೋ ಮಾಡಿದ ಡ್ಯಾಟ್ ಎಂಬ ಸಾಧನ 2010ರಿಂದ ಬಳಕೆಯಲ್ಲಿದೆ. ಅಪಾಯದಲ್ಲಿದ್ದವರು ಬಟನ್ ಒತ್ತಿದರೆ ಉಪಗ್ರಹದ ಮೂಲಕ ಸುದ್ದಿ ಕೋಸ್ಟ್ ಗಾರ್ಡಿಗೆ ಹೋಗುತ್ತದೆ. ಆದರೆ ಸುದ್ದಿ ಮುಟ್ಟಿತೋ ಇಲ್ಲವೋ ಎಂಬ ಉತ್ತರ ಒತ್ತಿದವರಿಗೆ ಬರುತ್ತಿರಲಿಲ್ಲ. 2017ರ ಕೊನೆಗೆ ಒಖಿ ಚಂಡಮಾರುತದಲ್ಲಿ ಕೇರಳ, ತಮಿಳುನಾಡಿನ ಮೀನುಗಾರರು ದೊಡ್ಡ ಸಂಖ್ಯೆಯಲ್ಲಿ ಸತ್ತರು. ದೂರ ಹೋಗಿದ್ದವರಿಗೆ ಎಚ್ಚರಿಕೆ ಮುಟ್ಟಿಸಲು ದಾರಿ ಇರಲಿಲ್ಲ. ಅದಕ್ಕಾಗಿ 2019ರಲ್ಲಿ ಜೆಮಿನಿ ಎಂಬ ಸಾಧನ ಬಂತು. ಅದು ಉಪಗ್ರಹದಿಂದ ಬಂದ ಎಚ್ಚರಿಕೆಯನ್ನು ಮೊಬೈಲಿಗೆ ದಾಟಿಸುತ್ತದೆ. ಇದರಲ್ಲಿ ದಡದ ಮಾತು ಕಡಲಿಗೆ ಹೋಗುತ್ತದೆ, ಕಡಲಿನ ಮಾತು ದಡಕ್ಕೆ ಬರುವುದಿಲ್ಲ.

ಎರಡೂ ಬದಿಯ ಮಾತು ಈಚಿನದ್ದು. 2024ರ ಜನವರಿಯಲ್ಲಿ ಇಸ್ರೋ ಹೊಸ ಡ್ಯಾಟ್ ತಂದಿತು. ಬಟನ್ ಒತ್ತಿದವರಿಗೆ 'ಸುದ್ದಿ ಮುಟ್ಟಿದೆ' ಎಂಬ ಉತ್ತರ ಅದರಲ್ಲಿ ಬರುತ್ತದೆ. ಅದೇ ವರ್ಷ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ 364 ಕೋಟಿ ರೂಪಾಯಿಯ ಯೋಜನೆಗೆ ಚಾಲನೆ ಕೊಟ್ಟರು. ಕರಾವಳಿ ರಾಜ್ಯಗಳ 1 ಲಕ್ಷ ಬೋಟುಗಳಿಗೆ ಹಂತ ಹಂತವಾಗಿ ಟ್ರಾನ್ಸ್‌ಪಾಂಡರ್ ಕೂರಿಸುವುದು ಅದರ ಗುರಿ. ಟವರ್ ಇಲ್ಲದ ಜಾಗದಿಂದಲೂ ಇದರಲ್ಲಿ ಎರಡೂ ಕಡೆಯಿಂದ ಸಂದೇಶ ಕಳಿಸಬಹುದು. ನಿಮ್ಮ ಬೋಟಿಗೆ ಇದು ಬಂದಿದೆಯೇ, ಬಂದದ್ದು ಚಾಲೂ ಇದೆಯೇ ಎಂದು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಕೇಳುವುದು ನಿಮ್ಮ ಹಕ್ಕು.

ನೆಲದ ಮೇಲೆ ಇರುವವರಿಗೂ ಕೆಲವು ಮಾತು. 2016ರ ನಿಯಮದಂತೆ ನಮ್ಮ ದೇಶದಲ್ಲಿ 2017ರ ಜನವರಿಯಿಂದ ಮಾರುವ ಮೊಬೈಲಿಗೆ ತುರ್ತು ಬಟನ್ ಇರಬೇಕು, 2018ರ ಜನವರಿಯಿಂದ ಜಿಪಿಎಸ್ಸೂ ಇರಬೇಕು. ಕೀಪ್ಯಾಡ್ ಮೊಬೈಲಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಮೂರು ಸಲ ಒತ್ತುವುದು ಎಂದು ಆಗ ಹೇಳಿತ್ತು. ನಿಮ್ಮ ಮೊಬೈಲಿನಲ್ಲಿ ಹೇಗಿದೆ ಎಂದು ಸೆಟ್ಟಿಂಗ್‌ನಲ್ಲಿ ನೋಡಿಕೊಳ್ಳಿ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಎಲ್ಲಕ್ಕೂ 112. ಕಡಲಿನಲ್ಲಿ ಅಪಾಯವಾದರೆ ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ಗಲ್ಫ್‌ನಲ್ಲಿರುವವರು ಅಲ್ಲಿಯ ನಂಬರ್ ಬರೆದಿಟ್ಟುಕೊಳ್ಳಿ: ಯುಎಇಯಲ್ಲಿ ಪೊಲೀಸ್ 999, ಆಂಬುಲೆನ್ಸ್ 998. ಕತಾರ್, ಬಹರೇನ್ 999. ಒಮಾನ್ 9999. ಕುವೈತ್ 112. ಸೌದಿಯಲ್ಲಿ ಆಂಬುಲೆನ್ಸ್ 997.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಮ್ಯಾಪಿನಲ್ಲಿ ನಿಮ್ಮ ಜಾಗವನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಕಾಪುವಾದರೆ ಸುಮಾರು 13.22 ಮತ್ತು 74.74, ಕಾರ್ಕಳವಾದರೆ 13.21 ಮತ್ತು 74.99. ಚುಕ್ಕೆಯ ನಂತರ ನಾಲ್ಕು ಅಂಕಿ ಇದ್ದರೆ ಜಾಗ ಸುಮಾರು 11 ಮೀಟರಿನೊಳಗೆ ಸಿಗುತ್ತದೆ. ಡೇಟಾ ಇಲ್ಲದಿದ್ದರೂ ಒಂದು ಗೆರೆ ರೇಂಜ್ ಇದ್ದರೆ ಈ ಎರಡು ಸಂಖ್ಯೆ ಎಸ್ಸೆಮ್ಮೆಸ್ಸಿನಲ್ಲಿ ಹೋಗುತ್ತವೆ, ಕರೆಯಲ್ಲೂ ಓದಿ ಹೇಳಬಹುದು. ಕಡಲಿಗೆ ಹೋಗುವವರು ರೇಂಜ್ ಕಡಿಯುವ ಮೊದಲು ಮನೆಗೆ ಒಮ್ಮೆ ಕಳಿಸಿ ಹೋಗಿ. ಕಾಡಿನಂಚಿನ ಮನೆಯವರು ಈ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಆಂಬುಲೆನ್ಸ್ ಕರೆಯುವ ಗಾಬರಿಯಲ್ಲಿ ಮಕ್ಕಳೂ ಓದಿ ಹೇಳಿಯಾರು.

ಕಾಪುವಿನ ದೀಪ ಈಗಲೂ ರಾತ್ರಿ ಮಿನುಗುತ್ತದೆ. 1901ರಿಂದ ಅದು ಕಡಲಿನವರಿಗೆ ಜಾಗ ಹೇಳುತ್ತಾ ಬಂದಿದೆ. ಕಡಲಿನವರು ಎಲ್ಲಿದ್ದಾರೆ ಎಂದು ಕೇಳಿಸಿಕೊಳ್ಳುವ ಕೆಲಸ ದಡದಲ್ಲಿರುವ ನಮ್ಮದು.